ಎಕ್ಕದ ಎಲೆಯಲ್ಲಿ ಅಹಿಂಸೆಯ ಪಾಠ

ಕನ್ನಡದ ಆಡುಮಾತಿನಲ್ಲಿ ‘ಎಕ್ಕುಟ್ಟಿ ಹೋಗಲಿ’ ಎಂಬ ಬೈಗುಳವಿದೆ. ಮನೆ ಹಾಳಾಗಿ ಆ ನೆಲದಲ್ಲಿ ಎಕ್ಕ ಹುಟ್ಟಲಿ ಎಂಬುದು ಅದರ ಅರ್ಥ. ಯಾರೂ ನೆಡದೆ, ಯಾರೂ ನೀರೆರೆಯದೆ ಪಾಳುನೆಲದಲ್ಲಿ ಬೆಳೆಯುವ ಗಿಡವದು. ರಥಸಪ್ತಮಿಯ ದಿನ ಅದರ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಸ್ನಾನ ಮಾಡುವವರಲ್ಲಿಯೂ ಅನೇಕರು ಅದನ್ನು ಅಂಗಳದಲ್ಲಿ ಬೆಳೆಯಗೊಡುವುದಿಲ್ಲ. ಆದರೆ ಮನುಷ್ಯನಿಗೆ ಬೇಡವಾದದ್ದು ಇತರ ಜೀವಗಳಿಗೂ ಬೇಡವಾದದ್ದೇ? ಜೀವದಯೆಯನ್ನು ಧರ್ಮದ ಮೂಲವೆಂದು ನಂಬಿದವರು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಕಿತ್ತಳೆ ಬಣ್ಣದ ರೆಕ್ಕೆ, ಕಪ್ಪು ಅಂಚು, ಆ ಅಂಚಿನಲ್ಲಿ ಬಿಳಿಯ ಚುಕ್ಕೆಗಳುಳ್ಳ ಪ್ಲೇನ್ ಟೈಗರ್ ಚಿಟ್ಟೆ ಕರ್ನಾಟಕದ ಬಯಲುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುತ್ತದೆ. ಮಕರಂದಕ್ಕಾಗಿ ಅದು ಹಲವು ಹೂಗಳ ಬಳಿಗೆ ಹೋಗುತ್ತದೆ. ಆದರೆ ಮೊಟ್ಟೆಯಿಡಲು ಎಕ್ಕವನ್ನೋ ಅದರ ಬಂಧುವರ್ಗದ ಇತರ ಸಸ್ಯಗಳನ್ನೋ ಅರಸುತ್ತದೆ. ಹೆಣ್ಣು ಚಿಟ್ಟೆ ಎಲೆಯ ಮೇಲೆ ಕುಳಿತು, ಕಾಲುಗಳಿಂದಲೇ ಅದರ ರುಚಿಯನ್ನು ಅರಿತು, ಒಂದೊಂದಾಗಿ ಮೊಟ್ಟೆಗಳನ್ನು ಇಡುತ್ತದೆ. ಹೊರಬಂದ ಮರಿಹುಳು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನು, ಬಳಿಕ ಎಕ್ಕದ ಎಲೆಯನ್ನು ತಿನ್ನುತ್ತದೆ. ದನಕರುಗಳೂ ಮುಟ್ಟಲು ಹಿಂಜರಿಯುವ ಎಲೆಯ ವಿಷವು ಹುಳುವಿನ ದೇಹದಲ್ಲಿ ಸೇರಿ, ಅದನ್ನು ಹಕ್ಕಿಗಳಿಂದ ಕಾಪಾಡುವ ಕವಚವಾಗುತ್ತದೆ. ಸುಮಾರು ಎರಡು ವಾರ ತಿಂದು ಬೆಳೆದ ಹುಳು ಕೋಶವಾಗಿ ತೂಗಿ, ಕೆಲವು ದಿನಗಳ ನಂತರ ಚಿಟ್ಟೆಯಾಗಿ ಹಾರುತ್ತದೆ.

ಇದೇ ಬಂಧುವರ್ಗದ ಗಿಡಗಳನ್ನೇ ನಂಬಿದ ಮೊನಾರ್ಕ್ ಚಿಟ್ಟೆಗಳು ಉತ್ತರ ಅಮೆರಿಕದಲ್ಲಿವೆ. ಅಲ್ಲಿನ ಹೊಲಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿ ಆ ಗಿಡಗಳು ವಿರಳವಾದದ್ದನ್ನು ಚಿಟ್ಟೆಗಳು ಕ್ಷೀಣಿಸಲು ಒಂದು ಮುಖ್ಯ ಕಾರಣವೆಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಆದ್ದರಿಂದ ಅಲ್ಲಿನ ಗೃಹಸ್ಥರು ಮನೆಯ ತೋಟಗಳಲ್ಲಿ ಅವನ್ನು ನೆಟ್ಟು ಬೆಳೆಸುತ್ತಿದ್ದಾರೆ. ಆ ಚಿಟ್ಟೆಗಳನ್ನು ಕೊಲ್ಲಬೇಕೆಂದು ಯಾವ ರೈತನೂ ಸಂಕಲ್ಪಿಸಿರಲಿಲ್ಲ. ಅವುಗಳ ಅನ್ನ ಮಾತ್ರ ಇಲ್ಲವಾಯಿತು.

ಜೈನ ಆಚಾರಶಾಸ್ತ್ರವು ಇಂತಹ ಹಿಂಸೆಯನ್ನೂ ಗಮನಿಸಿದೆ. ಶ್ರಾವಕನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗಗಳನ್ನು ಛೇದಿಸುವುದು, ಮಿತಿಮೀರಿ ಹೊರೆ ಹೇರುವುದು ಇವು ನಾಲ್ಕು. ಐದನೆಯದು ಅನ್ನಪಾನನಿರೋಧ, ಅಂದರೆ ಆಹಾರ ನೀರುಗಳಿಗೆ ತಡೆಯೊಡ್ಡುವುದು. ಮುಖ್ಯವಾಗಿ ಮನುಷ್ಯನ ಅಧೀನದಲ್ಲಿರುವ ಪ್ರಾಣಿಗಳನ್ನು ಕುರಿತು ಇದನ್ನು ವಿವರಿಸುವುದು ವಾಡಿಕೆ. ಆದರೆ ಇಂದು ಊರೊಳಗಿನ ನೆಲವೆಲ್ಲ ಮನುಷ್ಯನ ಅಧೀನದಲ್ಲಿದೆ. ಬೇಲಿಯ ಮೂಲೆಯಲ್ಲಿ ಬೆಳೆದ ಎಕ್ಕವನ್ನು ಕಾರಣವಿಲ್ಲದೆ ಕಡಿಯುವವನು ಗಿಡವೆಂಬ ಏಕೇಂದ್ರಿಯ ಜೀವಕ್ಕೆ ನೋವು ಕೊಡುವುದರ ಜೊತೆಗೆ, ಅದನ್ನೇ ನಂಬಿದ ತ್ರಸ ಜೀವದ ಅನ್ನವನ್ನೂ ಕಸಿಯುತ್ತಾನೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದನ್ನೂ ಗಿಡ ಕಡಿಯುವುದನ್ನೂ ಅನರ್ಥದಂಡವೆಂದು ಆಚಾರ್ಯರು ನಿಷೇಧಿಸಿರುವುದು ಇಲ್ಲಿ ಸ್ಮರಣೀಯ.

ಹಾಗಾದರೆ ಎಕ್ಕವನ್ನು ನೆಟ್ಟರೆ ಸಾಕೇ? ನಿಜವಾದ ಪರೀಕ್ಷೆ ಆರಂಭವಾಗುವುದು ನೆಟ್ಟ ಬಳಿಕ. ಎಲೆಗಳಲ್ಲಿ ತೂತು ಬೀಳುತ್ತವೆ, ಚಿಗುರಿಗೆ ಹಳದಿ ಹೇನು ಮುತ್ತುತ್ತದೆ, ಜೇಡವೂ ಕಣಜವೂ ಮರಿಹುಳುಗಳನ್ನು ಹುಡುಕಿ ಬರುತ್ತವೆ. ಚಿಟ್ಟೆಯ ಮೇಲಿನ ಪ್ರೀತಿಯಿಂದ ಗಿಡ ನೆಟ್ಟ ಕೈಯೇ ಆಗ ಕೀಟನಾಶಕವನ್ನು ಹುಡುಕುತ್ತದೆ. ಆ ಸಿಂಪಡಣೆ ಹೇನನ್ನು ಕೊಲ್ಲುವುದಲ್ಲದೆ ಚಿಟ್ಟೆಯ ಮರಿಯನ್ನೂ ಕೊಲ್ಲುತ್ತದೆ. ಇನ್ನು ಕೆಲವರು ಹುಳುವನ್ನು ರಕ್ಷಿಸಲೆಂದು ಗಾಜಿನ ಡಬ್ಬಿಯಲ್ಲಿಟ್ಟು ಸಾಕುತ್ತಾರೆ. ಉದ್ದೇಶ ಕರುಣೆಯದಾದರೂ ಅದು ಬಂಧನವೇ. ಬಣ್ಣದ ರೆಕ್ಕೆಯ ಮೇಲೆ ರಾಗ, ತೆವಳುವ ಹುಳುವಿನ ಮೇಲೆ ದ್ವೇಷ ಇರುವವರೆಗೆ ಅದು ಜೀವದಯೆಯಾಗದು, ಸೌಂದರ್ಯದ ಮೋಹವಷ್ಟೇ. ಹುಳು, ಕೋಶ, ಚಿಟ್ಟೆ ಇವು ಒಂದೇ ಜೀವದ ಬೇರೆ ಬೇರೆ ಪರ್ಯಾಯಗಳು. ಒಂದು ಪರ್ಯಾಯವನ್ನು ಮೆಚ್ಚಿ ಇನ್ನೊಂದನ್ನು ಹೊಸಕುವುದು ಅಜ್ಞಾನ.

ಹುಳು ಎಲೆಯನ್ನು ತಿನ್ನುವುದರ ದೋಷ ಗಿಡ ನೆಟ್ಟವನಿಗೆ ತಗಲುವುದೇ ಎಂಬ ಶಂಕೆಯೂ ಬರಬಹುದು. ಪ್ರತಿಯೊಂದು ಜೀವವೂ ತನ್ನ ಕರ್ಮಕ್ಕನುಸಾರವಾಗಿ ಬದುಕುತ್ತದೆ. ಶ್ರಾವಕನು ಎಚ್ಚರ ವಹಿಸಬೇಕಾದುದು ತನ್ನ ಮನಸ್ಸು, ಮಾತು, ಕಾಯಗಳ ಬಗ್ಗೆ. ಒಂದು ಜೀವವನ್ನು ಉಳಿಸಲು ಮತ್ತೊಂದನ್ನು ಕೊಲ್ಲದಿರುವುದು, ಯಾವುದನ್ನೂ ತನ್ನದೆಂದು ಹಿಡಿದಿಡದಿರುವುದು ಅವನ ಕರ್ತವ್ಯ.

ಆಚರಣೆಯಲ್ಲಿ ಇದು ಕಠಿಣವೇನಲ್ಲ. ಬಿಸಿಲು ಬೀಳುವ, ಮಕ್ಕಳು ಆಡದ ಮೂಲೆಯೊಂದನ್ನು ಎಕ್ಕಕ್ಕೆ ಬಿಡಬಹುದು. ಅದರ ಹಾಲು ಕಣ್ಣಿಗೆ ತಾಗಿದರೆ ಅಪಾಯವಾದ್ದರಿಂದ ಗಿಡವನ್ನು ಮುಟ್ಟಿದ ಕೈಯನ್ನು ತೊಳೆದುಕೊಳ್ಳಬೇಕು. ಕೊಂಬೆ ಕತ್ತರಿಸುವ ಮುನ್ನ ಎಲೆಯ ಅಡಿಭಾಗವನ್ನು ನೋಡಬೇಕು. ಉದುರಿದ ಎಲೆಗಳನ್ನು ಸುಡದೆ ಬುಡದಲ್ಲಿಯೇ ಬಿಡಬೇಕು. ಕುಳಿತುಕೊಳ್ಳುವ ಮುನ್ನ ದಿಗಂಬರ ಮುನಿಗಳು ಪಿಂಛಿಯಿಂದ ನೆಲವನ್ನು ಮೃದುವಾಗಿ ಸವರುತ್ತಾರೆ. ಮಳೆಗಾಲದಲ್ಲಿ ನೆಲವೆಲ್ಲ ಸೂಕ್ಷ್ಮಜೀವಗಳಿಂದ ತುಂಬುವುದೆಂದು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸ ಕೈಗೊಳ್ಳುತ್ತಾರೆ. ಆ ಯತ್ನಾಚಾರದ ಅಲ್ಪಾಂಶವನ್ನು ಗೃಹಸ್ಥನು ತನ್ನ ತೋಟದಲ್ಲಿ ಪಾಲಿಸಬಲ್ಲನು.

ಜೀವಗಳು ಒಂದಕ್ಕೊಂದು ಉಪಕಾರಿಗಳೆಂಬ ತತ್ತ್ವಾರ್ಥಸೂತ್ರದ ತತ್ತ್ವಕ್ಕೆ ಎಕ್ಕವೇ ನಿದರ್ಶನ. ಎಲೆ ಹುಳುವಿಗೆ ಅನ್ನವಾಗುತ್ತದೆ. ಹೂವು ದೊಡ್ಡ ಕಪ್ಪು ದುಂಬಿಗೆ ಮಕರಂದವನ್ನು ನೀಡುತ್ತದೆ. ಆ ದುಂಬಿಯೇ ಪರಾಗವನ್ನು ಸಾಗಿಸಿ ಗಿಡದ ಸಂತತಿಗೆ ನೆರವಾಗುತ್ತದೆ. ಈ ಉಪಕಾರದ ಸರಪಳಿಯಲ್ಲಿ ಮನುಷ್ಯನು ನೀಡಬೇಕಾದುದು ಅಂಗಳದ ಒಂದು ಮೂಲೆಯನ್ನು ಮತ್ತು ಕತ್ತಿಯೆತ್ತುವ ಮುನ್ನ ಒಂದು ಕ್ಷಣದ ವಿವೇಕವನ್ನು ಮಾತ್ರ.