ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ.: ತೇರ್ಗಡೆಯಾದರೆ ಸಾಕೇ?

ಪದವಿ ಪರೀಕ್ಷೆಯ ಫಲಿತಾಂಶ ಬಂದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ, "ಇನ್ನು ಮುಂದೇನು?" ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ಮಗನೋ ಮಗಳೋ ಇದ್ದರೆ ಎಂ.ಎಸ್ಸಿ.ಯ ಮಾತು ಬಂದೇ ಬರುತ್ತದೆ. ಹೆತ್ತವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ: ಸೀಟು ಎಲ್ಲಿ ಸಿಗುತ್ತದೆ, ಶುಲ್ಕ ಎಷ್ಟು, ಮುಗಿಸಿದರೆ ಕೆಲಸ ಸಿಗುತ್ತದೆಯೇ? ನಾಲ್ಕನೆಯ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ಕಡಿಮೆ: ಎಷ್ಟು ಅಂಕ ಪಡೆದು ಮುಗಿಸಬೇಕು? ಈ ಸ್ನಾತಕೋತ್ತರ ಪದವಿಯನ್ನು ಪಡೆಯಲು ಏನೇನು ಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ. ನಾಲ್ಕನೆಯ ಪ್ರಶ್ನೆಗೂ ಉತ್ತರವಿದೆ.

ಪ್ರವೇಶಕ್ಕೆ ಅರ್ಹತೆ

ಎಂ.ಎಸ್ಸಿ. ಎರಡು ವರ್ಷಗಳ, ಅಂದರೆ ನಾಲ್ಕು ಸೆಮಿಸ್ಟರುಗಳ ವ್ಯಾಸಂಗ. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿರಬೇಕು ಎಂಬುದು ಮೊದಲ ನಿಯಮ. ಅದರೊಂದಿಗೆ ಒಟ್ಟು ಅಂಕಗಳಲ್ಲಿಯೂ ರಸಾಯನಶಾಸ್ತ್ರದಲ್ಲಿಯೂ ನಿಗದಿತ ಶೇಕಡಾವಾರು ಅಂಕ ಬೇಕು. ಇದು ವಿಶ್ವವಿದ್ಯಾನಿಲಯದಿಂದ ವಿಶ್ವವಿದ್ಯಾನಿಲಯಕ್ಕೆ ಬೇರೆ ಬೇರೆಯಾಗಿರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಹಾಗೂ ಇತರ ಮೀಸಲು ವರ್ಗದವರಿಗೆ ರಿಯಾಯಿತಿ ಇದೆ. ಆ ವರ್ಷದ ಪ್ರವೇಶ ಪ್ರಕಟಣೆಯನ್ನು ಓದಿಯೇ ಅರ್ಜಿ ಹಾಕಬೇಕು. ಕಳೆದ ವರ್ಷ ನೆರೆಮನೆಯವರು ಹೇಳಿದ್ದು ಈ ವರ್ಷಕ್ಕೆ ಸರಿಯಾಗಿರಬೇಕೆಂದಿಲ್ಲ.

ಇಲ್ಲಿ ಗಣಿತದ ವಿಷಯವನ್ನು ಒತ್ತಿ ಹೇಳಬೇಕಾಗುತ್ತದೆ. ಎಂ.ಎಸ್ಸಿ.ಯ ಮೊದಲ ಸೆಮಿಸ್ಟರಿನಲ್ಲೇ ಕ್ವಾಂಟಂ ರಸಾಯನಶಾಸ್ತ್ರ, ಉಷ್ಣಬಲ ವಿಜ್ಞಾನ, ಗುಂಪು ಸಿದ್ಧಾಂತ ಮುಂತಾದ ಪಾಠಗಳು ಎದುರಾಗುತ್ತವೆ. ಇವೆಲ್ಲ ಗಣಿತವನ್ನು ಆಧರಿಸಿದವು. ಕೆಲವು ಉನ್ನತ ಸಂಸ್ಥೆಗಳಂತೂ ಪಿ.ಯು.ಸಿ. ಮಟ್ಟದಲ್ಲಿ ಗಣಿತ ಓದಿದವರಿಗೆ ಮಾತ್ರ ಪ್ರವೇಶ ನೀಡುತ್ತವೆ. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗಿ "ಗಣಿತ ಕಷ್ಟ" ಎಂದು ಬಿಟ್ಟುಬಿಟ್ಟರೆ ಐದು ವರ್ಷಗಳ ಅನಂತರದ ಒಂದು ಬಾಗಿಲನ್ನು ಅಂದೇ ಮುಚ್ಚಿದಂತೆ. ಜೀವಶಾಸ್ತ್ರದೊಂದಿಗೆ ರಸಾಯನಶಾಸ್ತ್ರ ಓದಿದವರಿಗೂ ಎಂ.ಎಸ್ಸಿ.ಯ ದಾರಿ ಇದೆ. ಆದರೆ ಅವರು ರಜೆಯಲ್ಲೇ ಕಲನಶಾಸ್ತ್ರದ ಮೂಲಪಾಠಗಳನ್ನು ಕಲಿತುಕೊಂಡು ಹೋಗುವುದು ಲೇಸು.

ಸೀಟು ಎಲ್ಲಿ? ಅರ್ಜಿ ಯಾವಾಗ?

ಕರಾವಳಿಯವರಿಗೆ ಮನೆಯಿಂದಲೇ ಹೋಗಿ ಬರುವಷ್ಟು ಹತ್ತಿರದಲ್ಲಿ ಅವಕಾಶಗಳಿವೆ. 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾನಿಲಯದ ಕೊಣಾಜೆ ಆವರಣದಲ್ಲಿ ರಸಾಯನಶಾಸ್ತ್ರದ ಅಧ್ಯಯನ ವಿಭಾಗವಿದೆ. ಯೇಸುಸಭೆಯ ಗುರುಗಳು 1880ರಲ್ಲಿ ಆರಂಭಿಸಿದ, 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ಸಂತ ಅಲೋಶಿಯಸ್ ಸಂಸ್ಥೆಯಲ್ಲಿಯೂ ಈ ವಿಷಯದಲ್ಲಿ ಎಂ.ಎಸ್ಸಿ. ಮಾಡಬಹುದು.

ಇವುಗಳಾಚೆಗೆ ಎರಡು ರಾಷ್ಟ್ರಮಟ್ಟದ ಪರೀಕ್ಷೆಗಳಿವೆ. ಒಂದು 'ಜಾಮ್'. ಐ.ಐ.ಟಿ.ಗಳ ಎಂ.ಎಸ್ಸಿ. ಪ್ರವೇಶಕ್ಕೆ ಇದೇ ಹೆಬ್ಬಾಗಿಲು. ಮೂರು ಗಂಟೆ, 60 ಪ್ರಶ್ನೆ, 100 ಅಂಕ. ಬಹು ಆಯ್ಕೆಯ ಪ್ರಶ್ನೆಗಳಿಗೆ ತಪ್ಪು ಉತ್ತರ ಬರೆದರೆ ಅಂಕ ಕಡಿತವಾಗುತ್ತದೆ. ಸುರತ್ಕಲ್‌ನ ಎನ್.ಐ.ಟಿ.ಕೆ. ಎಂ.ಎಸ್ಸಿ. ಸೀಟುಗಳಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್.ಡಿ.ಗೂ ಇದರ ಅಂಕ ಬೇಕು. ಇನ್ನೊಂದು 'ಸಿ.ಯು.ಇ.ಟಿ. ಪಿ.ಜಿ.' 2022ರಲ್ಲಿ ಆರಂಭವಾದ ಈ ಪರೀಕ್ಷೆಯ ಮೂಲಕ ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ನಮಗೆ ಹತ್ತಿರದ ಕಾಸರಗೋಡು ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೂ ಪ್ರವೇಶ ಪಡೆಯಬಹುದು.

ಹಲವರು ಎಡವುವುದು ದಿನಾಂಕದಲ್ಲಿ. ಜಾಮ್‌ಗೆ ಅರ್ಜಿ ಸಲ್ಲಿಸುವುದು ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ; ಪರೀಕ್ಷೆ ಫೆಬ್ರವರಿಯಲ್ಲಿ. ಸಿ.ಯು.ಇ.ಟಿ. ಪರೀಕ್ಷೆ ಮಾರ್ಚ್ ಸುಮಾರಿಗೆ. ಅಂದರೆ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿರುವಾಗಲೇ ಅರ್ಜಿ ಹಾಕಿರಬೇಕು. ಪದವಿ ಫಲಿತಾಂಶ ಬಂದ ಮೇಲೆ ವಿಚಾರಿಸಲು ಹೊರಟವರಿಗೆ ಆ ವರ್ಷ ಈ ಎರಡೂ ದಾರಿಗಳು ಮುಚ್ಚಿರುತ್ತವೆ.

ಕರ್ನಾಟಕದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷಗಳ ಆನರ್ಸ್ ಪದವಿ ಪದ್ಧತಿಯನ್ನು ರಾಜ್ಯ ಸರಕಾರ 2024-25ರಿಂದ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ನಡುವಿನ ತಂಡಗಳಲ್ಲಿ ಸೇರಿ ನಾಲ್ಕನೆಯ ವರ್ಷವನ್ನೂ ಮುಗಿಸಿದವರು ಒಂದು ವರ್ಷದ ಎಂ.ಎಸ್ಸಿ. ಇರುವ ಕಡೆ ಅದಕ್ಕೆ ಸೇರಬಹುದು. ಯು.ಜಿ.ಸಿ.ಯ 2024ರ ಚೌಕಟ್ಟು ಇದಕ್ಕೆ ಅವಕಾಶ ನೀಡಿದೆ.

ಎರಡು ವರ್ಷ ಏನು ಓದುತ್ತಾರೆ?

ಪಾಠಗಳ ಬುನಾದಿ ಮೂರು ಶಾಖೆಗಳು: ಸಾವಯವ, ನಿರವಯವ ಮತ್ತು ಭೌತ ರಸಾಯನಶಾಸ್ತ್ರ. ಇವುಗಳೊಂದಿಗೆ ವಿಶ್ಲೇಷಣಾ ರಸಾಯನಶಾಸ್ತ್ರ ಹಾಗೂ ರೋಹಿತ ವಿಜ್ಞಾನ ಸೇರುತ್ತವೆ. ಕಣ್ಣಿಗೆ ಕಾಣದ ಅಣುವಿನ ರಚನೆಯನ್ನು ಅವಕೆಂಪು ಕಿರಣ, ಎನ್.ಎಂ.ಆರ್., ಮಾಸ್ ಸ್ಪೆಕ್ಟ್ರಂಗಳ ನಕ್ಷೆ ನೋಡಿ ಪತ್ತೆ ಹಚ್ಚುವ ವಿದ್ಯೆ ಅದು. ಬಾಯಿಪಾಠದಿಂದ ಬರುವಂಥದ್ದಲ್ಲ, ನೂರಾರು ನಕ್ಷೆಗಳನ್ನು ಕುಳಿತು ಬಿಡಿಸಿದವರಿಗೆ ಒಲಿಯುತ್ತದೆ.

ತರಗತಿಯಷ್ಟೇ ಮುಖ್ಯವಾದುದು ಪ್ರಯೋಗಶಾಲೆ. ಎರಡು ಸಾವಯವ ವಸ್ತುಗಳ ಮಿಶ್ರಣವನ್ನು ಬೇರ್ಪಡಿಸಿ ಯಾವುದು ಏನೆಂದು ಗುರುತಿಸುವುದು, ಅದಿರಿನಲ್ಲಿ ಲೋಹ ಎಷ್ಟಿದೆ ಎಂದು ಅಳೆಯುವುದು, ಬ್ಯೂರೆಟ್ ಹಿಡಿದು ಟೈಟ್ರೇಶನ್ ಮಾಡುವುದು, ವಿದ್ಯುತ್ ವಾಹಕತೆ ಮತ್ತು ವಿಭವವನ್ನು ಅಳೆದು ಫಲಿತಾಂಶ ಕಂಡುಹಿಡಿಯುವುದು - ಹೀಗೆ ಗಂಟೆಗಟ್ಟಲೆ ನಿಂತು ಮಾಡುವ ಕೆಲಸ. ಒಂದು ದಿನದ ಪ್ರಯೋಗ ತಪ್ಪಿದರೆ ಗೆಳೆಯರ ನೋಟ್ಸಿನಿಂದ ಅದನ್ನು ತುಂಬಿಕೊಳ್ಳಲಾಗದು. ಸಾಮಾನ್ಯವಾಗಿ ಶೇ. 75 ಹಾಜರಾತಿ ಕಡ್ಡಾಯ. ಮದುವೆ, ರೋಸ್, ಊರ ಹಬ್ಬಗಳಿಗೆ ಮಕ್ಕಳನ್ನು ವಾರಗಟ್ಟಲೆ ನಿಲ್ಲಿಸಿಕೊಳ್ಳುವ ಹೆತ್ತವರು ಇದನ್ನು ಗಮನಿಸಬೇಕು.

ಆಂತರಿಕ ಮೌಲ್ಯಮಾಪನದ ಅಂಕಗಳು ಕಿರುಪರೀಕ್ಷೆ, ಸೆಮಿನಾರು ಮುಂತಾದವುಗಳಿಂದ ಬರುತ್ತವೆ. ಕೊನೆಯ ಸೆಮಿಸ್ಟರಿನಲ್ಲಿ ಸಾಮಾನ್ಯವಾಗಿ ಕಿರು ಸಂಶೋಧನೆಯೊಂದನ್ನು ಮಾಡಿ ವರದಿ ಒಪ್ಪಿಸಿ ಮೌಖಿಕ ಪರೀಕ್ಷೆ ಎದುರಿಸಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಕೆಲಸದ ಸಂದರ್ಶನದಲ್ಲಿ ಮೊದಲು ಕೇಳುವುದೇ "ನಿಮ್ಮ ಪ್ರಾಜೆಕ್ಟ್ ಯಾವುದು? ಯಾವ ಉಪಕರಣ ಬಳಸಿದ್ದೀರಿ?" ಎಂದು.

ನಾಲ್ಕನೆಯ ಪ್ರಶ್ನೆ: 55

ಎಂ.ಎಸ್ಸಿ. ತೇರ್ಗಡೆಯಾಗಲು ಬೇಕಾದ ಅಂಕ ಶೇ. 55ಕ್ಕಿಂತ ಕಡಿಮೆ. ಆದ್ದರಿಂದ ಶೇ. 52 ಪಡೆದವರಿಗೂ ಪದವಿ ಪ್ರಮಾಣಪತ್ರ ಸಿಗುತ್ತದೆ, ಮನೆಯಲ್ಲಿ ಸಿಹಿ ಹಂಚುತ್ತಾರೆ. ಆದರೆ ಆ ಪ್ರಮಾಣಪತ್ರ ಹಿಡಿದು ಹೊರಟಾಗ ಏನಾಗುತ್ತದೆ ನೋಡಿ.

ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರದಲ್ಲಿ ಶೇ. 55 ಬೇಕು. ಅದಕ್ಕೆ ಬೇಕಾದ ಸಿ.ಎಸ್.ಐ.ಆರ್. ನೆಟ್ ಅಥವಾ ರಾಜ್ಯದ ಕೆ-ಸೆಟ್ ಪರೀಕ್ಷೆಯ ಅರ್ಹತೆಗೂ ಶೇ. 55. ಎರಡು ವರ್ಷದ ಎಂ.ಎಸ್ಸಿ. ಮೂಲಕ ಪಿಎಚ್.ಡಿ.ಗೆ ಸೇರಲೂ ಶೇ. 55. ಸರಕಾರಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕ ಹುದ್ದೆಗೆ ಶೇ. 55ರೊಂದಿಗೆ ಬಿ.ಎಡ್. ಸಹ ಬೇಕು. ನಿಯಮದಲ್ಲಿ ಹೇಳಿದ ಮೀಸಲು ವರ್ಗದವರಿಗೆ ಹಾಗೂ ಅಂಗವಿಕಲರಿಗೆ ಶೇ. 5ರ ರಿಯಾಯಿತಿ ಇದೆ. ಉಳಿದವರಿಗೆ ಇಲ್ಲ. ನೆಟ್ ಪರೀಕ್ಷೆಗೆ 54.9 ಅನ್ನು 55 ಎಂದು ಲೆಕ್ಕ ಹಿಡಿಯುವುದೂ ಇಲ್ಲ.

ಇನ್ನೊಂದು ಎಚ್ಚರಿಕೆ: ರಾಜ್ಯದ ಪಟ್ಟಿಯಲ್ಲಿ ಕ್ರೈಸ್ತರು 3ಬಿ ಪ್ರವರ್ಗದಲ್ಲಿದ್ದಾರೆ. ಆದರೆ ರಾಜ್ಯದ ಪ್ರವರ್ಗ ಪ್ರಮಾಣಪತ್ರ ಬೇರೆ, ಕೇಂದ್ರದ ಒ.ಬಿ.ಸಿ. ಪ್ರಮಾಣಪತ್ರ ಬೇರೆ. ಒಂದು ಇದೆಯೆಂದು ಇನ್ನೊಂದರ ರಿಯಾಯಿತಿಯನ್ನು ನಂಬಿ ಕೂರಬಾರದು.

ಹಾಗಾಗಿ ಮೊದಲ ಸೆಮಿಸ್ಟರಿನ ಅಂಕಪಟ್ಟಿ ಕೈಗೆ ಬಂದ ದಿನವೇ ಲೆಕ್ಕ ಹಾಕಬೇಕು. ಶೇ. 50ರ ಆಸುಪಾಸಿನಲ್ಲಿದ್ದರೆ ಉಳಿದ ಮೂರು ಸೆಮಿಸ್ಟರುಗಳಲ್ಲಿ ಏರಿಸಿಕೊಳ್ಳಲು ಸಮಯವಿದೆ. ಅಂಕ ಉತ್ತಮಪಡಿಸಿಕೊಳ್ಳಲು ಮರುಪರೀಕ್ಷೆಯ ಅವಕಾಶವಿದೆಯೇ ಎಂದು ವಿಭಾಗದ ಮುಖ್ಯಸ್ಥರಲ್ಲಿ ಆಗಲೇ ವಿಚಾರಿಸಬೇಕು. ಗ್ರೇಡ್ ಪದ್ಧತಿಯಿದ್ದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರವನ್ನು ಕೇಳಿ ತಿಳಿಯಬೇಕು. ಎಲ್ಲ ಮುಗಿದ ಮೇಲೆ ಅತ್ತು ಫಲವಿಲ್ಲ.

ಮುಗಿಸಿದ ಮೇಲೆ

ಬೋಧನೆಯೊಂದೇ ದಾರಿಯಲ್ಲ. ಕುತ್ತೆತ್ತೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣ ಘಟಕ, ಪಣಂಬೂರಿನ ರಸಗೊಬ್ಬರ ಕಾರ್ಖಾನೆ, ಬೆಂಗಳೂರು-ಹೈದರಾಬಾದಿನ ಔಷಧ ಕಂಪೆನಿಗಳು, ನೀರು ಮತ್ತು ಆಹಾರ ಪರೀಕ್ಷಾ ಪ್ರಯೋಗಾಲಯಗಳು - ಇಂಥ ಕಡೆಗಳಲ್ಲೆಲ್ಲ ರಸಾಯನಶಾಸ್ತ್ರ ಬಲ್ಲವರ ಅಗತ್ಯವಿದೆ. ಅಲ್ಲಿ ಕೈಯ ಕೌಶಲಕ್ಕೆ ಬೆಲೆ. ಎಚ್.ಪಿ.ಎಲ್.ಸಿ.ಯಂಥ ಉಪಕರಣವನ್ನು ಸ್ವತಃ ನಡೆಸಿ ಗೊತ್ತಿರುವವರು ಮುಂದೆ ನಿಲ್ಲುತ್ತಾರೆ.

ಸಂಶೋಧನೆಯಲ್ಲಿ ಒಲವಿದ್ದರೆ ಹಣದ ಚಿಂತೆಯಿಂದ ಹಿಂದೆ ಸರಿಯಬೇಕಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತವರಿಗೆ 2023ರ ಜನವರಿಯಿಂದ ಮಾಸಿಕ ರೂ. 37,000 ಶಿಷ್ಯವೇತನ ನಿಗದಿಯಾಗಿದೆ. ಪಿಎಚ್.ಡಿ. ಎಂದರೆ ಇನ್ನೂ ಐದು ವರ್ಷ ಮನೆಯ ದುಡ್ಡಿನಲ್ಲಿ ಓದುವುದು ಎಂಬ ತಪ್ಪು ತಿಳುವಳಿಕೆ ನಮ್ಮಲ್ಲಿ ಇನ್ನೂ ಇದೆ. ಎಂ.ಎಸ್ಸಿ. ಓದುವಾಗಿನ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಸಕಾಲದಲ್ಲಿ ಅರ್ಜಿ ಹಾಕಬೇಕು. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ಘಟಿಕೋತ್ಸವದ ಮೂಲ ಪ್ರಮಾಣಪತ್ರವನ್ನು ಪಡೆದುಕೊಂಡೇ ಹೋಗಲಿ. ದೃಢೀಕರಣಕ್ಕೆ ಅದು ಬೇಕಾಗುತ್ತದೆ.

ಪ್ರಿಯ ಓದುಗರೇ, ನಿಮ್ಮ ವಾಳೆಯಲ್ಲಿ ಬಿ.ಎಸ್ಸಿ. ಓದುತ್ತಿರುವ ಮಕ್ಕಳಿದ್ದರೆ ಅವರನ್ನು ಎರಡು ಮಾತು ಕೇಳಿ: "ಜಾಮ್‌ಗೆ ಅರ್ಜಿ ಹಾಕಿದ್ದೀಯಾ?" ಎಂ.ಎಸ್ಸಿ. ಓದುತ್ತಿರುವವರಿದ್ದರೆ, "ಈ ಸಲ 55 ದಾಟಿತೇ?" ಗುರಿಕಾರರೂ ಯುವಜನ ಸಂಘಟನೆಯವರೂ ಇಷ್ಟನ್ನು ನೆನಪಿಸಿದರೆ, ಎರಡು ವರ್ಷದ ದುಡಿಮೆ ಒಂದೆರಡು ಅಂಕಗಳಿಂದ ವ್ಯರ್ಥವಾಗುವುದನ್ನು ತಪ್ಪಿಸಬಹುದು.