ತೋಟದ ಪತ್ರೆಗೆ ಬೇಲಿ, ಕಾಡಿನ ರಾಮಪತ್ರೆಗೆ ಕತ್ತಿ

ಕುಂದಾಪುರ, ಬ್ರಹ್ಮಾವರ ಪೇಟೆಯಲ್ಲಿ ‘ಪತ್ರೆ’ ಕೊಳ್ಳುವವರು ಒಮ್ಮೆ ಪೊಟ್ಟಣ ಬಿಚ್ಚಿ ಕಾಣಿ. ಅಗಲ ಎಸಳು, ಗಮಗಮ ಪರಿಮಳವಿದ್ದರೆ ಜಾಯಿಪತ್ರೆ. ಕಡುಗೆಂಪಿನ ಸಪೂರ ಎಳೆಗಳು ತುದಿಯಲ್ಲಿ ಗಂಟುಕಟ್ಟಿ, ವಾಸನೆ ಅಷ್ಟಕ್ಕಷ್ಟೇ ಎಂದಾದರೆ ಅದು ರಾಮಪತ್ರೆ. ‘ಬಾಂಬೆ ಮೇಸ್’ ಎಂಬ ಹೆಸರಿನಲ್ಲಿ ಇದನ್ನು ಅಸಲಿ ಪತ್ರೆಗೆ ಬೆರೆಸುವ ಚಾಳಿ ಮಸಾಲೆ ವ್ಯಾಪಾರದಲ್ಲಿ ಹಳೆಯದು.

ಎರಡೂ ಒಂದೇ ಕುಲದ ಮರಗಳು, ಹಣೆಬರಹ ಮಾತ್ರ ಬೇರೆ.

ಜಾಯಿಕಾಯಿ ಇಂಡೋನೇಷ್ಯಾದ ಬಂಡಾ ದ್ವೀಪಗಳಿಂದ ಬಂದ ನೆಂಟ. ಈಗ ಅಡಿಕೆ ತೋಟದ ನೆರಳಿನಲ್ಲಿ ಗೊಬ್ಬರ, ನೀರು ಉಂಡು ಸುಖವಾಗಿದೆ. ಅದರ ಕಾಡುಮರಗಳ ಲೆಕ್ಕ ಸಿಗದೆ ಐಯುಸಿಎನ್ ಸಂಸ್ಥೆ ‘ಮಾಹಿತಿ ಸಾಲದು’ ಎಂದು ಬರೆದು ಕೈತೊಳೆದಿದೆ. ಆದರೇನು, ಸಾಕುವವರಿದ್ದಾರೆ!

ರಾಮಪತ್ರೆ ನಮ್ಮ ಪಶ್ಚಿಮ ಘಟ್ಟದ್ದೇ ಮಗು. ಬೈಂದೂರು, ಕೊಲ್ಲೂರು ಕಡೆಯ ದಟ್ಟ ಕಾಡು ಅದರ ಮನೆ. ಅದನ್ನು 1998ರಲ್ಲೇ ಐಯುಸಿಎನ್ ಅಳಿವಿನ ಭಯವಿರುವ ಮರಗಳ ಕೆಂಪು ಪಟ್ಟಿಗೆ ಸೇರಿಸಿತು. ಕೊಲ್ಲೂರಿನ ಸುತ್ತ 1974ರಿಂದ ಮೂಕಾಂಬಿಕಾ ಅಭಯಾರಣ್ಯವಿದೆ ನಿಜ. ಅದರ ಗಡಿಯಾಚೆಗಿನ ಮರಕ್ಕೆ ಯಾರು ದಿಕ್ಕು?

ಬೇಸಿಗೆಯ ಕೊನೆಗೆ ಕಾಯಿ ತಾನಾಗಿ ಬಿರಿಯಬೇಕು. ಬಿರಿದರೆ ಮಂಗಟ್ಟೆ ಹಕ್ಕಿ, ಕಾಡುಪಾರಿವಾಳ ಪತ್ರೆಯ ಆಸೆಗೆ ಬೀಜ ನುಂಗಿ ದೂರದಲ್ಲಿ ಕಕ್ಕುತ್ತವೆ. ಅಲ್ಲೇ ಸಸಿ ಏಳುತ್ತದೆ. ಆದರೆ ಯಜಮಾನನಿಲ್ಲದ ಮರದ ಬುಡದಲ್ಲಿ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಇವತ್ತು ಬಿಟ್ಟರೆ ನಾಳೆ ಮತ್ತೊಬ್ಬ ಕೊಯ್ದುಕೊಂಡು ಹೋಗುತ್ತಾನೆ ಎಂಬುದೇ ಲೆಕ್ಕ. ಎಳೆಗಾಯಿ ಇರುವಾಗಲೇ ಗೆಲ್ಲು ಸಮೇತ ಕಡಿದು ಕೆಡಹುತ್ತಾರೆ. ಎಳೆಪತ್ರೆಗೆ ತೂಕವೂ ಇಲ್ಲ, ಬಣ್ಣವೂ ಇಲ್ಲ. ಕೊಯ್ದವನಿಗೂ ನಷ್ಟ, ಹಕ್ಕಿಗೂ ಉಪವಾಸ. ಮುಂದಿನ ವರ್ಷ ಆ ಗೆಲ್ಲಿನಲ್ಲಿ ಹೂವೂ ಇಲ್ಲ.

ಇನ್ನೊಂದು ತೊಡಕಿದೆ. ಈ ಮರಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ತೋಟದವರು ಹೆಣ್ಣು ಮರದ ಕಸಿ ತಂದು ನೆಟ್ಟು ಪಾರಾದರು. ಕಾಡಿನಲ್ಲಿ ಕಸಿ ಕಟ್ಟುವವರು ಯಾರು? ತಮಾಷೆಯೆಂದರೆ, ಜಾಯಿಕಾಯಿ ಕಸಿಗೆ ಬೇರುಗಿಡವಾಗಿ ಬಳಸುವ ಸಸಿಗಳಲ್ಲಿ ರಾಮಪತ್ರೆಯೂ ಒಂದು!

ಟೆಂಡರ್ ಕರೆಯುವಾಗ ಕಾಯಿ ಬಿರಿದ ಮೇಲೆಯೇ ಕೊಯ್ಲು, ಮರಕ್ಕೆ ಇಷ್ಟು ಕಾಯಿ ಬಿಡಲೇಬೇಕು ಎಂಬ ಷರತ್ತು ಹಾಕಿ, ಅದನ್ನು ಕಾಡಿಗೇ ಹೋಗಿ ನೋಡಿಕೊಳ್ಳಲು ಅರಣ್ಯ ಇಲಾಖೆಗೆ ಏನು ಅಡ್ಡಿ? ಸಸಿ ಬೆಳೆಸುವುದಾದರೂ ತಡ ಮಾಡುವಂತಿಲ್ಲ. ರಾಮಪತ್ರೆ ಬೀಜ ಭತ್ತದ ಹಾಗೆ ಕಟ್ಟಿಡುವ ಸರಕಲ್ಲ. ಪತ್ರೆ ಸುಲಿದ ಕೆಲವೇ ದಿನಗಳಲ್ಲಿ ಮಣ್ಣು ಸೇರದಿದ್ದರೆ ಒಣಗಿ ಜೀವ ಬಿಡುತ್ತದೆ.