ಕೆರೆ ಮೀನಿನ ಮರಿಗಳ ಬೆಳವಣಿಗೆಯೂ ವಾಸಸ್ಥಳವೂ

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಜಾತಿಯ ಮೀನುಗಳನ್ನು ಒಂದೇ ಕೆರೆಯಲ್ಲಿ ಬೆಳೆಸುವುದು ವಾಡಿಕೆ. ಬೆಳೆದ ಮೇಲೆ ಒಂದರ ಆಹಾರಕ್ಕೆ ಮತ್ತೊಂದು ಅಷ್ಟಾಗಿ ಅಡ್ಡಬಾರದು. ಮರಿಗಳ ಸ್ಥಿತಿಯು ಹಾಗಲ್ಲ.

ಮೊಟ್ಟೆಯೊಡೆದು ಬಂದ ಮರಿಯು ಕಾಲಂಗುಲಕ್ಕಿಂತಲೂ ಚಿಕ್ಕದು. ಹೊಟ್ಟೆಯ ಕೆಳಗಿರುವ ಹಳದಿಯ ಚೀಲವೇ ಅದಕ್ಕೆ 2-3 ದಿನಗಳ ಆಹಾರ. ಚೀಲವು ಕರಗಿದ ಬಳಿಕ ಮೂರು ಜಾತಿಯ ಮರಿಗಳೂ ನೀರಿನಲ್ಲಿ ತೇಲುವ ಸೂಕ್ಷ್ಮಪ್ರಾಣಿಗಳನ್ನೇ ತಿನ್ನುವುವು.

ಬೆಳೆಯುತ್ತ ಬಂದಂತೆ ಅವುಗಳ ಆಕಾರವು ಬೇರೆ ಬೇರೆಯಾಗುವುದು. ಕಾಟ್ಲಾದ ತಲೆಯು ದೊಡ್ಡದಾಗಿ, ಬಾಯಿ ಮೇಲ್ಮುಖವಾಗುವುದು. ಅದು ನೀರಿನ ಮೇಲ್ಪದರದಲ್ಲಿಯೇ ಸೂಕ್ಷ್ಮಪ್ರಾಣಿಗಳನ್ನು ಸೋಸಿ ತಿನ್ನುವುದು. ರೋಹುವಿನ ಕರುಳು ದೇಹಕ್ಕಿಂತ ಹಲವು ಪಾಲು ಉದ್ದವಾಗಿ ಬೆಳೆದು, ಅದು ನಡುನೀರಿನಲ್ಲಿ ಪಾಚಿಯನ್ನೂ ಸಸ್ಯಪದಾರ್ಥವನ್ನೂ ಮೇಯುವುದು. ಮೃಗಾಲ್ ತಳವನ್ನು ಸೇರಿ ಕೊಳೆತ ಪದಾರ್ಥಗಳಿಂದ ಜೀವಿಸುವುದು.

ಈ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಸಾಧಾರಣವಾಗಿ ಮೊಟ್ಟೆಯಿಡವು. 1957ರಲ್ಲಿ ಡಾಕ್ಟರ್ ಹೀರಾಲಾಲ್ ಚೌಧರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಈ ಜಾತಿಯ ಮೀನುಗಳಿಂದ ಮೊಟ್ಟೆಯಿಡಿಸಿದ ಮೇಲೆ, ಮರಿಗಳನ್ನು ನದಿಗಳಿಂದಲೇ ಹಿಡಿದು ತರಬೇಕೆಂಬ ನಿರ್ಬಂಧವು ತಪ್ಪಿತು. ಆದರೂ ಮರಿಗಳನ್ನು ಕೊಂಡು ಬಿಡುವ ಖರ್ಚು ರೈತನದೇ.

ಎಳೆಯ ಮರಿಗಳನ್ನು ನೇರವಾಗಿ ಕೆರೆಗೆ ಬಿಟ್ಟರೆ ಕೊರವ, ಬಾಳೆ ಮೊದಲಾದ ಹಿಂಸ್ರ ಮೀನುಗಳು ನುಂಗುವುದರಿಂದ ಹಾಕಿದ ಹಣವು ನೀರುಪಾಲಾಗುವುದು. ಆದುದರಿಂದ ಆಳವಿಲ್ಲದ ಚಿಕ್ಕ ಕೊಳಕ್ಕೆ ಸಗಣಿ ಗೊಬ್ಬರವನ್ನು ಹಾಕಿ ಸೂಕ್ಷ್ಮಪ್ರಾಣಿಗಳು ಹುಟ್ಟಿದ ನಂತರ ಮರಿಗಳನ್ನು ಬಿಡತಕ್ಕದ್ದು. ಸುಮಾರು 4 ಅಂಗುಲ ಬೆಳೆದು, ಆಯಾ ಜಾತಿಯ ರೂಪವು ಸ್ಪಷ್ಟವಾದ ಮೇಲೆಯೇ ಅವುಗಳನ್ನು ಕೆರೆಗೆ ಸೇರಿಸತಕ್ಕದ್ದು.